ಕೆನೆಯಿಲ್ಲದ ಕೆನೆಕೋಳಿ

ನನ್ನ ಅಮ್ಮನನ್ನು ಅವಳೇ ಬೇಯಿಸಿದ ಕೋಳಿಯ ಪಾತ್ರೆಯಿಂದ ಗಡೀಪಾರು ಮಾಡಿದ ಹೊಣೆ ನಮ್ಮ ಮನೆತನದ ಹಿರಿಯರದು. ಈ ಮಾತನ್ನು ನಾನು ಕೋಪದ ಭರದಲ್ಲಿ ಬರೆಯುತ್ತಿಲ್ಲ. ಕೋಪ ಇದೆ, ಅದನ್ನು ಆರಿಸಿ, ಸೋಸಿಕೊಂಡು ಬರೆಯುತ್ತಿದ್ದೇನೆ. ಮೊದಲನೆಯ ಆರೋಪಿ ಕೆಂಗೇರಿಯ ನಮ್ಮ ದೊಡ್ಡಪ್ಪ. ಎರಡನೆಯ ಆರೋಪಿ, ಅಣ್ಣ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದೇ ಭ್ರಾತೃಧರ್ಮವೆಂದು ನಂಬಿಕೊಂಡಿರುವ ನಮ್ಮಪ್ಪ. ಮೂರನೆಯದು, ರಾಜಾಜಿನಗರದ ನಮ್ಮ ಮನೆಯ ನಡುಮನೆಯಲ್ಲಿ ತೂಗುವ ನಲವತ್ತು ವಾಟಿನ ಬಲ್ಬು. ಬಲ್ಬಿನ ಮೇಲೂ ಆರೋಪವೇ ಎಂದು ನೀವು ನಗಬಹುದು. ನಗಿ. ಆದರೆ ಪೂರ್ತಿ ಕೇಳಿದ ಮೇಲೆ ಬಲ್ಬನ್ನು ಖುಲಾಸೆ ಮಾಡಿ ಎಂದು ನೀವೂ ಹೇಳಲಾರಿರಿ.

ಈ ವ್ಯಾಜ್ಯ ಇವತ್ತು ಮನಸ್ಸಿನಲ್ಲಿ ಮತ್ತೆ ತಲೆಯೆತ್ತಿದ್ದಕ್ಕೆ ಕಾರಣ ಒಂದು ಹಿಡಿ ಅವರೆಕಾಯಿ ಸಿಪ್ಪೆ. ಬೆಳಿಗ್ಗೆ ಕಾಲೇಜಿಗೆ ಬಸ್ಸು ಹಿಡಿಯುವ ಆತುರದಲ್ಲಿ ಗೇಟು ದಾಟಿದವಳು ಎದುರುಮನೆಯವರು ಬೀದಿಗೆ ಚೆಲ್ಲಿದ್ದ ಸಿಪ್ಪೆಯ ಮೇಲೆ ಕಾಲಿಟ್ಟೆ. ಕಾಲು ಒಂದು ಕಡೆ ಹೋಯಿತು, ಕಂಕುಳಲ್ಲಿದ್ದ ರಾಜ್ಯಶಾಸ್ತ್ರದ ಪುಸ್ತಕಗಳು ಇನ್ನೊಂದು ಕಡೆ ಹೋದವು, ಹೊಸ ಉಪನ್ಯಾಸಕಿಯ ಗಾಂಭೀರ್ಯ ಎಲ್ಲಿಗೆ ಹೋಯಿತೋ ಇನ್ನೂ ಸಿಕ್ಕಿಲ್ಲ. ನಮ್ಮ ಬೀದಿಗಳಲ್ಲಿ ಚಳಿಗಾಲ ಬಂದಿತೆಂದು ಗೊತ್ತಾಗುವುದು ಹೀಗೆಯೇ. ಅವರೆ ಬಿಡಿಸಿದವರು ಸಿಪ್ಪೆಯನ್ನು ಕಸದ ತೊಟ್ಟಿಗೆ ಹಾಕುವುದಿಲ್ಲ. ಮನೆಯ ಮುಂದೆ, ಎಲ್ಲರೂ ತುಳಿಯುವಂತೆ ಹರಡುತ್ತಾರೆ. ನಾಲ್ಕು ಜನ ತುಳಿದರೆ ದೃಷ್ಟಿ ಹೋಗುತ್ತದೆ ಎನ್ನುವುದು ಅಜ್ಜಿಯರು ಕೊಡುವ ಕಾರಣ. ನಮ್ಮ ಮನೆಯಲ್ಲಿ ಇವತ್ತು ಹಿದುಕಿದ ಬೇಳೆ ಸಾರು ಎಂದು ನಾಲ್ಕು ಜನಕ್ಕೆ ಗೊತ್ತಾಗಲಿ ಎನ್ನುವುದು ಅವರು ಕೊಡದ ಕಾರಣ.

ಬಿದ್ದಲ್ಲಿಯೇ ಕೂತು ಅಂಗೈ ಮೂಸಿಕೊಂಡೆ. ಅದೇ ಸೊಗಡು. ಎದುರುಮನೆಯಾಕೆ ಬಾಗಿಲಿಗೆ ಓಡಿಬಂದರು.

“ಅಯ್ಯೋ ಶಾರದ, ಪೆಟ್ಟಾಯ್ತೇನಮ್ಮ?”

“ಇಲ್ಲ ಅಕ್ಕ. ಏನೋ ನೆನಪಾಯ್ತು.”

“ಕೂತ್ಕೊಂಡು ನೆನಪು ಮಾಡ್ಕೊಳಕ್ಕೆ ನಿಮ್ಮನೇಲಿ ಜಾಗ ಇಲ್ವೇನಮ್ಮ?”

ಇದೆ. ಆ ಜಾಗದಲ್ಲಿ ಕೂತೇ ಈಗ ಬರೆಯುತ್ತಿದ್ದೇನೆ.

ಕೆನೆಕೋಳಿ ಎಂಬ ಪದಾರ್ಥವನ್ನು ನೀವು ಬೇರೆಲ್ಲೂ ಕೇಳಿರಲಾರಿರಿ, ಏಕೆಂದರೆ ಅದು ಹುಟ್ಟಿದ್ದು ನಮ್ಮ ಮನೆಯಲ್ಲಿ. ದೊಡ್ಡಪ್ಪ ಮೀಸೆ ಚಿಗುರಿದ ಕಾಲದಲ್ಲಿ ಯಾರೋ ಗೆಳೆಯನ ಜೊತೆ ದಂಡು ಪ್ರದೇಶದ ಹೋಟೆಲೊಂದಕ್ಕೆ ಹೋಗಿ, ಬೆಳ್ಳಗಿನ ಮಂದ ರಸದಲ್ಲಿ ಮುಳುಗಿದ ಕೋಳಿಯನ್ನು ತಿಂದು ಬಂದರಂತೆ. ಬಂದವರು ಕೆಂಗೇರಿಯ ಜಗಲಿಯಲ್ಲಿ ಕೂತು ಅದನ್ನು ಕೈಯಲ್ಲಿ, ಕಣ್ಣಲ್ಲಿ, ಕೊನೆಗೆ ನಿಟ್ಟುಸಿರಿನಲ್ಲಿ ವರ್ಣಿಸುತ್ತ ವರ್ಷಗಳನ್ನೇ ಕಳೆದರು. ಆ ಮನೆಗೆ ಸೊಸೆಯಾಗಿ ಬಂದ ಅಮ್ಮ, ತಾನೆಂದೂ ಕಾಣದ ಆ ಅಡುಗೆಯನ್ನು ಭಾವನ ವರ್ಣನೆಯಿಂದಲೇ ಬೇಯಿಸಿದಳು. ಗೋಡಂಬಿ, ಗಸಗಸೆ, ತೆಂಗಿನಕಾಯಿಯ ಗಟ್ಟಿ ಹಾಲು, ಅದರ ಮೇಲೆ ವಾರವಿಡೀ ಕೂಡಿಟ್ಟ ಎಮ್ಮೆ ಹಾಲಿನ ಕೆನೆ. ದೊಡ್ಡಪ್ಪ ತಿಂದದ್ದು ಯಾವುದೋ, ಅಮ್ಮ ಮಾಡಿದ್ದು ಯಾವುದೋ. ಆದರೆ ಅವರು ಮೊದಲ ತುತ್ತಿಗೇ “ಇದೇ ಕಣಮ್ಮ, ಇದೇ!” ಎಂದರಂತೆ. ಅಂದಿನಿಂದ ಅದು ನಮ್ಮ ವಂಶದ ಆಸ್ತಿಯಾಯಿತು.

ಮುಂದೆ ಅಪ್ಪನಿಗೆ ಕಾರ್ಖಾನೆಯ ಕಚೇರಿಯಲ್ಲಿ ಕೆಲಸ ಸಿಕ್ಕಿ ನಾವು ರಾಜಾಜಿನಗರಕ್ಕೆ ಬಂದ ಮೇಲೂ ಆಸ್ತಿಯ ಹಕ್ಕು ದೊಡ್ಡಪ್ಪನಲ್ಲೇ ಉಳಿಯಿತು. ಪ್ರತಿ ಭಾನುವಾರ ಮಧ್ಯಾಹ್ನ ಅವರು ಕೆಂಗೇರಿ ಬಸ್ಸಿನಲ್ಲಿ ಬರುತ್ತಿದ್ದರು. ಕೈಯಲ್ಲೊಂದು ಬಟ್ಟೆಯ ಚೀಲ, ಚೀಲದಿಂದ ತಲೆ ಹೊರಹಾಕಿ ಮೈಸೂರು ರಸ್ತೆಯನ್ನು ಕೊನೆಯ ಬಾರಿ ನೋಡುವ ಒಂದು ಹುಂಜ. “ಹುಂಜಕ್ಕೂ ಟಿಕೆಟ್ ತಗೊಳ್ಳಿ ಯಜಮಾನ್ರೇ” ಎಂದು ಕಂಡಕ್ಟರು ಛೇಡಿಸಿದರೆ, “ಅದು ವಾಪಸ್ ಬರಲ್ಲ, ಬಿಡಯ್ಯ” ಎನ್ನುತ್ತಿದ್ದರಂತೆ.

ನನ್ನ ಬಾಲ್ಯದ ವಾರಗಳು ಸೋಮವಾರದಿಂದ ಶುರುವಾಗುತ್ತಿರಲಿಲ್ಲ, ಕೆನೆಯಿಂದ ಶುರುವಾಗುತ್ತಿದ್ದವು. ಹಾಲಿನವನು ಎಮ್ಮೆಯನ್ನು ಮನೆಯ ಮುಂದೆಯೇ ತಂದು ನಿಲ್ಲಿಸಿ ಹಾಲು ಕರೆಯುತ್ತಿದ್ದ. ಅಮ್ಮ ಪಕ್ಕದಲ್ಲಿ ನಿಂತು, ಪಾತ್ರೆಯಲ್ಲಿ ಮೊದಲೇ ನೀರಿದೆಯೋ ಎಂದು ಬಗ್ಗಿ ನೋಡುತ್ತಿದ್ದಳು. ಕಾಯಿಸಿ ಆರಿದ ಹಾಲಿನ ಮೇಲಿನ ಕೆನೆ ಒಂದು ಹಿತ್ತಾಳೆಯ ಬಟ್ಟಲಿಗೆ, ಬಟ್ಟಲು ಜಾಲರಿಯ ಬೀರುವಿಗೆ, ಬೀರುವಿನ ನಾಲ್ಕು ಕಾಲೂ ಇರುವೆ ಹತ್ತದಂತೆ ನೀರಿನ ತಟ್ಟೆಗಳಿಗೆ. ಅಷ್ಟು ಬಂದೋಬಸ್ತು ಆಗಿನ ಬ್ಯಾಂಕುಗಳಿಗೂ ಇದ್ದಿರಲಾರದು. ಮಕ್ಕಳಿಗೆ ಬ್ರೆಡ್ಡಿನ ಮೇಲೆ ಕೆನೆ, ಸಕ್ಕರೆ ಹಾಕಿ ಕೊಡುವ ಮನೆಗಳಿವೆ ಎಂದು ಶಾಲೆಯಲ್ಲಿ ಕೇಳಿ ನಾನು ಅಮ್ಮನನ್ನು ವಿಚಾರಿಸಿದ್ದೆ. “ಅವ್ರಿಗೆ ಭಾನುವಾರ ಇರಲ್ಲ ಕಣೆ, ಅದಕ್ಕೇ ದಿನಾ ಕೊಡ್ತಾರೆ” ಎಂದಳು. ಭಾನುವಾರವಿಲ್ಲದ ಆ ಮನೆಗಳ ಮಕ್ಕಳ ಬಗ್ಗೆ ನನಗೆ ಬಹಳ ದಿನ ಕನಿಕರವಿತ್ತು.

ಈಗ ಬಲ್ಬಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಬಾಡೂಟದ ಮರ್ಯಾದೆಯನ್ನು ನಾಲಗೆಯಲ್ಲಿ ಅಳೆಯುವ ಮೊದಲು ಕಣ್ಣಿನಲ್ಲಿ ಅಳೆಯುತ್ತಾರೆ. ರಸದ ಮೇಲೆ ಎಣ್ಣೆ ತೇಲಬೇಕು. ತೇಲಿದ ಎಣ್ಣೆಯಲ್ಲಿ ದೀಪ ಕಾಣಬೇಕು. ತಾತನ ಕಾಲದಲ್ಲಿ ಅದು ಗೂಡಿನ ಹರಳೆಣ್ಣೆ ದೀಪ. ರಾಜಾಜಿನಗರದಲ್ಲಿ ನಲವತ್ತು ವಾಟಿನ ಬಲ್ಬು. ದೊಡ್ಡಪ್ಪ ನಡುಮನೆಯಲ್ಲಿ ಸರಿಯಾಗಿ ಬಲ್ಬಿನ ಕೆಳಗೇ ಮಣೆ ಹಾಕಿಸಿಕೊಂಡು, ರಸದ ಬಟ್ಟಲನ್ನು ಕೈಯಲ್ಲಿ ಹಿಡಿದು, ಅತ್ತಿತ್ತ ವಾಲಿಸಿ ನೋಡುತ್ತಿದ್ದರು. ಬಲ್ಬು ಬಟ್ಟಲಿನೊಳಗೆ ಫಳಫಳ ಹೊಳೆದರೆ “ಹ್ಞೂಂ, ದೀಪ ಹತ್ತಿದೆ” ಎಂದು ಮುದ್ದೆಗೆ ಕೈಹಾಕುತ್ತಿದ್ದರು. ಹೊಳೆಯದಿದ್ದರೆ ಒಂದೇ ಮಾತು: “ಯಾಕೆ, ಗಾಣದೋನು ಸತ್ತೋದ್ನಾ?” ಆ ಮಾತನ್ನು ಒಮ್ಮೆ ಕೇಳಿದ ಸೊಸೆ ಎರಡನೆಯ ಸಲ ಕೇಳುವ ಸಾಹಸ ಮಾಡುತ್ತಿರಲಿಲ್ಲ. ಅಮ್ಮನ ಕೈ ಎಣ್ಣೆಯ ಡಬ್ಬದ ಮೇಲೆ ವರ್ಷದಿಂದ ವರ್ಷಕ್ಕೆ ಉದಾರವಾಗುತ್ತ ಹೋಯಿತು. ಉದಾರತೆ ಎಂಬುದು ಎಲ್ಲಿ ಹೋಗಿ ಸೇರುತ್ತದೆಂದು ನಮಗೆ ಆಮೇಲೆ ತಿಳಿಯಿತು. ಪಿತ್ತಕೋಶದಲ್ಲಿ.

ನಾನು ಎಂ.ಎ. ಓದುತ್ತಿದ್ದ ಕಾಲ. ಒಂದು ಭಾನುವಾರ ಊಟವಾದ ಮೇಲೆ ಅಮ್ಮ ಬಲಪಕ್ಕೆ ಹಿಡಿದುಕೊಂಡು ಅಡುಗೆಮನೆಯ ಗೋಡೆಗೆ ಒರಗಿದವಳು ಏಳಲಿಲ್ಲ. ಮರುದಿನ ವಿಜಯನಗರದ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಅವರು ಹೊಟ್ಟೆ ಒತ್ತಿ ನೋಡಿದರು.

“ನಿನ್ನೆ ಏನ್ ತಿಂದ್ರಿ ತಾಯಿ?”

“ಭಾನುವಾರ ಅಲ್ವಾ ಸಾರ್…” ಎಂದು ಅಮ್ಮ ನಾಚಿದಳು.

ಎಣ್ಣೆ, ತುಪ್ಪ, ಕೆನೆ, ಕಾಯಿಹಾಲು, ಗೋಡಂಬಿ, ಎಲ್ಲವನ್ನೂ ಬಿಡಬೇಕೆಂದು ಡಾಕ್ಟರು ಒಂದೊಂದಾಗಿ ಹೇಳಿದರು. ಅಪ್ಪನ ಮುಖ ಪ್ರತಿ ಹೆಸರಿಗೂ ಒಂದಿಷ್ಟು ಇಳಿಯುತ್ತ ಹೋಯಿತು.

“ಹಾಗಾದ್ರೆ ಕೋಳಿ ಬಿಡ್ಬೇಕಾ ಸಾರ್?”

“ಕೋಳಿ ಏನ್ ಮಾಡ್ತು ಪಾಪ? ಕೋಳಿ ತಿನ್ಲಿ. ಕೋಳಿಗೆ ನೀವು ಸುರಿಯೋದನ್ನ ತಿನ್ಬಾರ್ದು.”

ಈ ವಾಕ್ಯವನ್ನು ಓದುಗರು ದಯವಿಟ್ಟು ಎರಡು ಸಲ ಓದಬೇಕು. ಪ್ರಕರಣದ ಮುಖ್ಯ ಸಾಕ್ಷ್ಯ ಇದೇ. ಡಾಕ್ಟರು ನಿಷೇಧಿಸಿದ್ದು ಕೆನೆಯನ್ನು. ನಮ್ಮ ಮನೆ ನಿಷೇಧಿಸಿದ್ದು ಅಮ್ಮನನ್ನು. ಮುಂದಿನ ಭಾನುವಾರ ದೊಡ್ಡಪ್ಪ ವಿಷಯ ಕೇಳಿ ನಿಜವಾಗಿಯೂ ನೊಂದುಕೊಂಡರು. “ಪಾಪ, ಜಯಮ್ಮನ್ನ ಚೆನ್ನಾಗ್ ನೋಡ್ಕೋಬೇಕು ಕಣೋ ತಮ್ಮ. ಅವಳಿಗೆ ಬೇರೆ ಗಂಜಿ ಮಾಡ್ಕೊಡಿ” ಎಂದರು. ಅಪ್ಪ ತಲೆಯಾಡಿಸಿದರು. ಕೆನೆಕೋಳಿ ಎಂದಿನಂತೆ ಆಯಿತು, ಬಲ್ಬು ಎಂದಿನಂತೆ ಬಟ್ಟಲಲ್ಲಿ ಹೊಳೆಯಿತು, ಅಮ್ಮ ಅಡುಗೆಮನೆಯ ಒಳಗೆ ರಾಗಿ ಗಂಜಿ ಕುಡಿದಳು. ಇದರಲ್ಲಿ ಯಾರಿಗೂ ಏನೂ ವಿಚಿತ್ರವೆನಿಸಲಿಲ್ಲ. ಕ್ರೌರ್ಯವಾಗಿದ್ದರೆ ಎದುರು ನಿಲ್ಲಬಹುದಿತ್ತು. ಅನ್ಯಾಯ ಕಾಳಜಿಯ ವೇಷ ಹಾಕಿಕೊಂಡು ಬಂದರೆ ಅದಕ್ಕೆ ಮಣೆ ಹಾಕಿ, ನೀರು ಕೊಟ್ಟು, ಉಪಚಾರ ಮಾಡಬೇಕಾಗುತ್ತದೆ.

ಬೇಯಿಸುವ ಕೆಲಸದಿಂದ ಮಾತ್ರ ಅವಳಿಗೆ ವಿನಾಯಿತಿ ಸಿಗಲಿಲ್ಲ. ರುಚಿ ನೋಡುವಂತಿಲ್ಲವಾದ್ದರಿಂದ “ಶಾರದ, ಬಾರೇ ಉಪ್ಪು ನೋಡು” ಎಂದು ನನ್ನನ್ನು ಕರೆಯುತ್ತಿದ್ದಳು. ಊಟದ ನಡುವೆ ಒಳಗಿನಿಂದ “ಕೋಳಿ ಹದವಾಗಿ ಬೆಂದಿದ್ಯಾ?” ಎಂದು ಕೇಳುತ್ತಿದ್ದಳು. ಒಂದು ಭಾನುವಾರ ನಾನು ನೀರಿಗೆಂದು ಒಳಗೆ ಹೋದಾಗ, ತೊಳೆಯಲು ತೆಗೆದುಕೊಂಡ ಖಾಲಿ ಪಾತ್ರೆಯನ್ನು ಅವಳು ಮುಖದ ಹತ್ತಿರ ಹಿಡಿದು ಒಮ್ಮೆ ಉಸಿರೆಳೆದುಕೊಂಡದ್ದು ಕಂಡಿತು. ಆಮೇಲೆ ಬೂದಿ ಹಾಕಿ ತಿಕ್ಕತೊಡಗಿದಳು. ನಾನು ನೀರು ಕುಡಿಯುವುದನ್ನು ಮರೆತು ಹೊರಗೆ ಬಂದೆ.

ಆಗ ನಾನು ಉಲ್ಲಾಳದ ಹಾದಿಯಲ್ಲಿರುವ ವಿಶ್ವವಿದ್ಯಾಲಯದ ಹೊಸ ಆವರಣದಲ್ಲಿ, ಕಲ್ಲು ಕಟ್ಟಡದ ಮೆಟ್ಟಿಲುಗಳ ಮೇಲೆ ನಿಂತು, ಆಳುವವರು ಆಳಿಸಿಕೊಳ್ಳುವವರಿಗೆ ಉತ್ತರ ಹೇಳಬೇಕು ಎಂದು ಗಂಟಲು ಹರಿಯುವಂತೆ ಭಾಷಣ ಮಾಡುತ್ತಿದ್ದ ಹುಡುಗಿ. ಅದೇ ಭಾಷಣವನ್ನು ಆ ರಾತ್ರಿ ಅಪ್ಪನ ಮುಂದೆ, ಸ್ವಲ್ಪ ಪರಿಷ್ಕರಿಸಿ, ಮಾಡಿದೆ. ಅಪ್ಪ ಕೊನೆಯವರೆಗೂ ಕೇಳಿದರು.

“ನೀನ್ ಹೇಳೋದು ಸರಿ ಕಣೆ. ಆದ್ರೆ ಅಣ್ಣಂಗೆ ಹೇಳೋರ್ ಯಾರು?”

ಒಳಗಿನಿಂದ ಅಮ್ಮ ಕೂಗಿದಳು: “ಭಾಷಣಕ್ಕೆ ಒಗ್ಗರಣೆ ಹಾಕಕ್ಕಾಗಲ್ಲ. ಬಂದು ಪಾತ್ರೆ ಒರೆಸು ಬಾ.”

ಅವಳ ಮಾತಿನಲ್ಲಿ ನನಗೊಂದು ದಾರಿ ಕಂಡಿತು. ದೊಡ್ಡಪ್ಪನಿಗೆ ಹೇಳುವವರು ಯಾರೂ ಇಲ್ಲವಾದರೆ ಬಡಿಸುವವರು ಇದ್ದೇವಲ್ಲ! ಅಮ್ಮ ತಿನ್ನಬಹುದಾದ ಕೆನೆಕೋಳಿಯನ್ನು ಮಾಡಬೇಕು, ಅದು ದೊಡ್ಡಪ್ಪನ ಗಂಟಲಲ್ಲಿ ಸಲೀಸಾಗಿ ಇಳಿಯಬೇಕು. ಹಗುರವಾಗಿರಬೇಕು, ಮಂದವಾಗಿಯೂ ಇರಬೇಕು. ರಾಜ್ಯಶಾಸ್ತ್ರದಲ್ಲಿ ಇಂಥ ಬೇಡಿಕೆಗಳನ್ನು ಒಂದೇ ಪ್ರಣಾಳಿಕೆಯಲ್ಲಿ ಸೇರಿಸುವುದು ಸುಲಭ. ಒಲೆಯ ಮೇಲೆ ಅಷ್ಟು ಸುಲಭವಲ್ಲ.

ಮೊದಲ ಪ್ರಯತ್ನದಲ್ಲಿ ನಾನು ಎಲ್ಲವನ್ನೂ ಕೈಬಿಟ್ಟು ಕೋಳಿಯನ್ನು ಬರೀ ಮಸಾಲೆಯ ನೀರಿನಲ್ಲಿ ಬೇಯಿಸಿದೆ. ಅಪ್ಪ ತಿಂದು “ಚೆನ್ನಾಗಿದೆ” ಎಂದರು, ಸಾವಿನ ಮನೆಯಲ್ಲಿ “ಒಳ್ಳೇ ಮನುಷ್ಯ” ಎನ್ನುವ ಧ್ವನಿಯಲ್ಲಿ. ಎರಡನೆಯ ಪ್ರಯತ್ನ ಕೆನೆ ತೆಗೆದ ಹಾಲಿನ ಮೊಸರಿನದು. ಕುದಿಯುವ ಪಾತ್ರೆಗೆ ತಣ್ಣನೆಯ ಮೊಸರನ್ನು ಒಮ್ಮೆಲೇ ಸುರಿದೆ. ಅದು ನನ್ನ ಕಣ್ಣೆದುರೇ ಒಡೆದು, ನೀರೇ ಬೇರೆ ಗಂಟೇ ಬೇರೆ ಆಗಿ, ಎರಡು ಬಣಗಳಾಗಿ ನಿಂತಿತು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಎಂ.ಎ.ನಲ್ಲಿ ಇದೊಂದು ಪಾಠ ಇಲ್ವೇನೆ?” ಮೂರನೆಯ ಸಲ ಬೇಯಿಸಿ ರುಬ್ಬಿದ ಸೋರೆಕಾಯಿ. ಮಂದವೇನೋ ಬಂತು. ಆದರೆ ಸೋರೆಕಾಯಿಯ ಮನೆಗೆ ಕೋಳಿ ನೆಂಟನಾಗಿ ಬಂದು, ಮುಜುಗರದಿಂದ ಮೂಲೆಯಲ್ಲಿ ಕೂತ ಹಾಗಿತ್ತು.

ಇಷ್ಟಾಗುವ ಹೊತ್ತಿಗೆ ಅವರೆಯ ಕಾಲ ಬಂತು. ಅವರೆಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿಸಿಲಿಗೆ ಕೂತು, ಒಂದೊಂದು ಕಾಳನ್ನೂ ಎರಡು ಬೆರಳ ನಡುವೆ ಹಿದುಕಿ ಸಿಪ್ಪೆಯಿಂದ ಹೊರಗೆ ಹಾರಿಸುವುದು ನಮ್ಮ ಊರಿನ ಮನೆಮನೆಯ ಚಳಿಗಾಲದ ಉದ್ಯೋಗ. ಹಾರಿದ ಬೇಳೆ ಪಾತ್ರೆಗೆ ಬೀಳುತ್ತದೆ, ಎದುರಿಗೆ ಕೂತವರ ಮೂಗಿಗೂ ಬೀಳುತ್ತದೆ. ಆ ದಿನ ಅಮ್ಮ ಸಾರಿಗೆಂದು ಬೆಂದ ಬೇಳೆಯಲ್ಲಿ ಒಂದು ಹಿಡಿ ತೆಗೆದು ರುಬ್ಬಲು ಕೊಟ್ಟಳು. ಒರಳಿನಲ್ಲಿ ಗುಂಡು ತಿರುಗಿಸುತ್ತ ನಾನು ಎಲ್ಲೋ ನೋಡುತ್ತಿದ್ದೆ. ಕೈ ಬಿಟ್ಟು ಕೆಳಗೆ ನೋಡಿದರೆ, ಒರಳಿನ ಅಂಚಿನಿಂದ ಅದು ನಿಧಾನವಾಗಿ, ಮಡಿಕೆ ಮಡಿಕೆಯಾಗಿ ಇಳಿಯುತ್ತಿತ್ತು. ಬೆಣ್ಣೆಯ ನುಣುಪು, ಎಳೆಹಸಿರು ಬೆರೆತ ಬಿಳುಪು. ಒಂದು ಬೆರಳು ನೆಕ್ಕಿದೆ. ಇನ್ನೊಂದು ನೆಕ್ಕಿದೆ.

“ಅಮ್ಮಾ, ಇದು ಕೆನೆ!”

“ಅದು ಅವರೆ ಕಣೆ. ಬಿಸಿಲಿಗೆ ತಲೆ ಕೆಟ್ಟಿದ್ಯಾ?”

ಮುಂದಿನ ಭಾನುವಾರಕ್ಕೆ ನಾನು ಅಡುಗೆಮನೆಯ ಅಧಿಕಾರವನ್ನು ಕೈಗೆ ತೆಗೆದುಕೊಂಡೆ. ಅಮ್ಮ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ವಿರೋಧಪಕ್ಷದ ಕೆಲಸವನ್ನು ನಿಷ್ಠೆಯಿಂದ ಮಾಡಿದಳು. ಹುಂಜದ ಚರ್ಮ ಸುಲಿಯತೊಡಗಿದಾಗ ಅವಳು ಸ್ಟೂಲಿನಿಂದ ಎದ್ದೇಬಿಟ್ಟಳು. ನಮ್ಮಲ್ಲಿ ಕೋಳಿಯನ್ನು ಅರಿಶಿನ ಬಳಿದು, ಬೆಂಕಿಯಲ್ಲಿ ಸುಟ್ಟು, ಚರ್ಮದ ಸಮೇತ ಬೇಯಿಸುವುದು ಸಂಪ್ರದಾಯ. “ಚರ್ಮ ತೆಗೆದ್ರೆ ಕೋಳಿಗೆ ಏನೇ ಉಳೀತು?” ಎಂದಳು. “ಕೋಳಿ ಉಳಿಯುತ್ತೆ” ಎಂದೆ. ಈರುಳ್ಳಿಯನ್ನು ಎಣ್ಣೆಯಲ್ಲಿ ಹುರಿಯುವ ಬದಲು ಇಡಿಯಾಗಿಯೇ ಇದ್ದಿಲು ಒಲೆಯ ಕೆಂಡದಲ್ಲಿ ಹೂತು ಸುಟ್ಟೆ; ಕಪ್ಪಾದ ಹೊರಪದರ ತೆಗೆದರೆ ಒಳಗೆ ಜೇನಿನಂತೆ ಕರಗಿತ್ತು. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿಯ ಜೊತೆ ಅದನ್ನು ರುಬ್ಬಿ ಕೋಳಿಗೆ ಹಾಕಿ, ಚಕ್ಕೆ ಲವಂಗ ಬಿಟ್ಟು, ಸಣ್ಣ ಉರಿಯಲ್ಲಿ ಬೇಯಿಸಿದೆ. ಬೆಂದ ಮೇಲೆ ರಸವನ್ನು ಬಸಿದು ಆರಲು ಬಿಟ್ಟು, ಮೇಲೆ ಬಂದ ಜಿಡ್ಡನ್ನೆಲ್ಲ ಸೌಟಿನಿಂದ ತೆಗೆದು ಬೇರೊಂದು ಬಟ್ಟಲಿಗೆ ಹಾಕಿದೆ. ಉಳಿದ ತಿಳಿರಸದಲ್ಲಿ ಅವರೆಬೇಳೆ ಬೇಯಿಸಿ, ನುಣ್ಣಗೆ ರುಬ್ಬಿ, ಮತ್ತೆ ಕೋಳಿಯೊಂದಿಗೆ ಕೂಡಿಸಿದೆ. ಕೊನೆಗೆ ಅರ್ಧ ನಿಂಬೆಹಣ್ಣು.

ಪಾತ್ರೆಯಲ್ಲಿ ಅದು ಗುಳುಗುಳು ಎಂದು ಸೋಮಾರಿಯಾಗಿ ಕುದಿಯಿತು. ಮಂದ ಬಂದಿತ್ತು, ಬಣ್ಣ ಬಂದಿತ್ತು, ಮನೆಯೆಲ್ಲ ಅವರೆಯ ಸೊಗಡು ಹಬ್ಬಿತ್ತು. ಒಂದೇ ಒಂದು ಬಂದಿರಲಿಲ್ಲ. ಮೇಲೆ ಎಣ್ಣೆಯ ಒಂದು ಹನಿಯೂ ಇರಲಿಲ್ಲ. ಅಮ್ಮ ಇಣುಕಿ ನೋಡಿ ಪಿಸುಗುಟ್ಟಿದಳು: “ಭಾವ ಬಟ್ಟಲು ಎತ್ತುತಾರೆ ಕಣೆ. ಒಂದೇ ಒಂದ್ ಚಮಚ ಎಣ್ಣೆ ಮೇಲೆ ಬಿಟ್ಬಿಡ್ಲಾ?”

“ಬಿಟ್ರೆ ನೀನು ತಿನ್ನೋ ಹಾಗಿಲ್ಲ.”

“ನಂದೇನ್ ಬಿಡು.”

ಆ ‘ನಂದೇನ್ ಬಿಡು’ ಎಂಬ ಮಾತಿನ ವಿರುದ್ಧವೇ ನಾನು ಆ ದಿನ ಒಲೆ ಹಚ್ಚಿದ್ದು. ಎಣ್ಣೆಯ ಡಬ್ಬವನ್ನು ತೆಗೆದು ಅಟ್ಟದ ಮೇಲಿಟ್ಟೆ.

ದೀಪ ಹಚ್ಚುವ ಹೊತ್ತು ಕಳೆದು ಊಟಕ್ಕೆ ಕೂತಾಯಿತು. ದೊಡ್ಡಪ್ಪ ಬಲ್ಬಿನ ಕೆಳಗೆ, ಅಪ್ಪ ಅವರ ಪಕ್ಕದಲ್ಲಿ. ಮುದ್ದೆ ಇಟ್ಟೆ, ಬಟ್ಟಲುಗಳಲ್ಲಿ ಕೋಳಿ ಬಡಿಸಿದೆ. ಅಮ್ಮ ಅಡುಗೆಮನೆಯ ಬಾಗಿಲಿನ ಮರೆಯಲ್ಲಿ ನಿಂತಳು. ದೊಡ್ಡಪ್ಪ ಬಟ್ಟಲನ್ನು ಎತ್ತಿದರು. ಬಲಕ್ಕೆ ವಾಲಿಸಿದರು, ಎಡಕ್ಕೆ ವಾಲಿಸಿದರು. ಒಮ್ಮೆ ತಲೆಯೆತ್ತಿ, ಬಲ್ಬು ಉರಿಯುತ್ತಿದೆಯೇ ಎಂದು ಖಚಿತಪಡಿಸಿಕೊಂಡರು.

“ಯಾಕೋ ತಮ್ಮ, ಗಾಣದೋನು ಸತ್ತೋದ್ನಾ?”

ಅಪ್ಪ ತಮ್ಮ ಮುದ್ದೆಯನ್ನೇ ನೋಡುತ್ತ ಕೂತರು. ನಾನು ಹೇಳಿದೆ: “ದೀಪ ಮೇಲಿದೆ ದೊಡ್ಡಪ್ಪ, ಊಟ ಕೆಳಗಿದೆ. ನೀವು ಊಟ ನೋಡಿ.”

“ಓಹೋಹೋ! ಸಾರಿಗಿಲ್ದಿರೋ ಎಣ್ಣೆ ಎಲ್ಲ ನಿನ್ ನಾಲಗೆಗೆ ಹಚ್ಚಿದಾರೆ” ಎಂದವರು ಮುದ್ದೆ ಮುರಿದು, ರಸದಲ್ಲಿ ಹೊರಳಿಸಿ, ತೀರ್ಪು ಹೇಳಲು ಬಂದ ನ್ಯಾಯಾಧೀಶರಂತೆ ಬಾಯಿಗಿಟ್ಟರು. ಗಂಟಲಿನ ಗಂಟು ಒಮ್ಮೆ ಇಳಿದು ಮೇಲೆದ್ದಿತು. ಎರಡನೆಯ ತುತ್ತು ಹೋಯಿತು. ಮೂರನೆಯದಕ್ಕೆ ಕಣ್ಣು ಮುಚ್ಚಿದರು. ಅಣ್ಣ ಮೂರು ತುತ್ತು ತಿಂದೂ ಬೈಯದಿರುವುದನ್ನು ನೋಡಿ ಅಪ್ಪ ಧೈರ್ಯವಾಗಿ ತಿನ್ನಲು ಶುರುಮಾಡಿದರು.

“ಜಯಮ್ಮಾ!”

“ಏನ್ ಭಾವ?” ಬಾಗಿಲಿನ ಮರೆಯಿಂದ ದನಿ ಬಂತು.

“ಎಷ್ಟ್ ಕೆನೆ ಸುರಿದಿದೀಯಮ್ಮ ಇದಕ್ಕೆ? ಒಂದ್ ವಾರದ್ದಾ, ಎರಡ್ ವಾರದ್ದಾ? ಈಗ ಗೊತ್ತಾಯ್ತು ನೋಡು, ದೀಪ ಯಾಕ್ ಕಾಣ್ಲಿಲ್ಲ ಅಂತ. ಕೆನೆ ಇಷ್ಟ್ ಮಂದ ಇದ್ರೆ ಎಣ್ಣೆ ಹೆಂಗ್ ಮೇಲಕ್ ಬರತ್ತೆ? ಒಳಗೇ ಹೂತೋಗಿದೆ! ತಮ್ಮ, ಇದಪ್ಪಾ ಕೈಗುಣ ಅಂದ್ರೆ.”

ನನ್ನ ಜೀವಮಾನದಲ್ಲಿ ನಾನು ಕೇಳಿದ ಅತ್ಯಂತ ಸುಂದರವಾದ ತರ್ಕದೋಷ ಅದು. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಕಾಳಜಿ ಉಕ್ಕಿ ಬಂದಿತು.

“ನೀನ್ ಮಾತ್ರ ಇದರ ಹತ್ರ ಸುಳೀಬೇಡ ಕಣಮ್ಮ. ಇಷ್ಟ್ ಕೆನೆ ನಿಂಗೆ ವಿಷ. ಗಂಜಿ ಕುಡ್ದು ಮಲಕ್ಕೋ.”

ನಾನು ಒಳಗೆ ಹೋಗಿ ಇನ್ನೊಂದು ಮಣೆ ತಂದು ಅವರ ಎದುರಿಗೆ ಹಾಕಿದೆ. ತಟ್ಟೆ ಇಟ್ಟೆ. ಮುದ್ದೆ, ಕೋಳಿ ಬಡಿಸಿದೆ. “ಅಮ್ಮ, ಬಾ. ಕೂತ್ಕೋ.”

“ಏ ಶಾರದಿ! ನಿಮ್ಮಮ್ಮನ್ನ ಸಾಯಿಸ್ಬೇಕು ಅಂತಿದ್ಯೇನೆ?”

“ಇದರಲ್ಲಿ ಕೆನೆ ಒಂದು ತೊಟ್ಟೂ ಇಲ್ಲ ದೊಡ್ಡಪ್ಪ.”

“ಯಾರಿಗ್ ಹೇಳ್ತೀಯ ನೀನು? ಕೆನೆಕೋಳಿ ತಿಂದೇ ಈ ಮೀಸೆ ಬೆಳ್ಳಗಾಗಿದ್ದು!”

ಜಾಲರಿಯ ಬೀರುವಿನಿಂದ ಹಿತ್ತಾಳೆಯ ಬಟ್ಟಲನ್ನು ತಂದು ಅವರ ಮುಂದಿಟ್ಟೆ. ಒಂದು ವಾರದ ಕೆನೆ, ಅಂಚಿನವರೆಗೆ, ಬೆರಳಿನ ಗುರುತೂ ಇಲ್ಲದೆ. ಅದರ ಪಕ್ಕದಲ್ಲಿ ಸುಲಿದ ಚರ್ಮ, ಸೌಟಿನಿಂದ ತೆಗೆದ ಜಿಡ್ಡು. ಅವರು ಆ ಬಟ್ಟಲನ್ನೊಮ್ಮೆ ನೋಡಿದರು, ತಮ್ಮ ಬಟ್ಟಲನ್ನೊಮ್ಮೆ ನೋಡಿದರು.

“ಮತ್ತೆ ಇದೇನು?”

“ಅವರೆ. ನಿಮ್ಮ ಕೆಂಗೇರಿ ಹೊಲದ್ದೇ.”

ದೊಡ್ಡಪ್ಪ ರಸಕ್ಕೆ ಬೆರಳದ್ದಿ ಇನ್ನೊಮ್ಮೆ ನೆಕ್ಕಿದರು. ಆಮೇಲೆ ದೊಡ್ಡಪ್ಪನ ಹೊಟ್ಟೆಯಿಂದ ನಗು ಹೊರಟಿತು. “ಲೋ ತಮ್ಮ, ನಾನು ಅವರೆನ ಕೆನೆ ಅಂದ್ನಲ್ಲೋ! ನಾನು! ಹುಟ್ಟಿದಾಗಿಂದ ಅವರೆ ತಿಂದೋನು!” ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಇನ್ನೂ ನಿಂತೇ ಇದ್ದ ಅಮ್ಮನನ್ನು ನೋಡಿದರು. “ಕೂತ್ಕೊಳಮ್ಮ. ಯಾಕ್ ನಿಂತಿದೀಯ? ಆರೋಗತ್ತೆ.”

ಮದುವೆಯಾಗಿ ಬಂದ ಮೇಲೆ ಅಮ್ಮ ಭಾವನ ಎದುರಿಗೆ ಕೂತು ಉಂಡದ್ದು ಅದೇ ಮೊದಲು. ಮೊದಲ ತುತ್ತನ್ನು ಎತ್ತಿದವಳು ಬಾಯಿಯ ಹತ್ತಿರ ಒಂದು ಗಳಿಗೆ ತಡೆದಳು. ಆಮೇಲೆ ನುಂಗಿದಳು. ಮೂಳೆಯೊಂದನ್ನು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಸದ್ದು ಮಾಡಿ ಚೀಪಿದಳು. ತಟ್ಟೆ ಬರಿದಾಗುತ್ತಿದ್ದಂತೆ ನಾನು ಸೌಟಿಗೆ ಕೈಹಾಕುವ ಮೊದಲೇ ಎರಡನೆಯ ಆರೋಪಿ ಎಡಗೈಯಿಂದ ಸೌಟನ್ನು ಎತ್ತಿಕೊಂಡಿದ್ದರು. ಅಪ್ಪ ಅಮ್ಮನಿಗೆ ಬಡಿಸಿದರು. ಅರ್ಧ ನೆಲಕ್ಕೆ ಚೆಲ್ಲಿತು, ಅಭ್ಯಾಸವಿರಲಿಲ್ಲ. ಆ ರಾತ್ರಿ ಅಮ್ಮನಿಗೆ ಪಕ್ಕೆ ನೋಯಲಿಲ್ಲ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ನಲ್ಲಿಯ ಹತ್ತಿರ ಕೊಡ ಹಿಡಿದು, ಎದುರುಮನೆಯಾಕೆಗೆ ಜೋರಾಗಿ ವರದಿ ಒಪ್ಪಿಸುತ್ತಿದ್ದಳು.

ಇದು ಹೋದ ಚಳಿಗಾಲದ ಮಾತು. ಅವರೆ ಮುಗಿದ ಮೇಲೆ ಹಸಿ ತೊಗರಿ, ಅದು ಮುಗಿದ ಮೇಲೆ ನೆನೆಸಿದ ಅಲಸಂದೆ, ಹೀಗೆ ವರ್ಷವಿಡೀ ಅಮ್ಮ ಭಾನುವಾರಗಳನ್ನು ಬಿಡಲಿಲ್ಲ. ಡಾಕ್ಟರು ಮತ್ತೆ ಹೊಟ್ಟೆ ಒತ್ತಿ ನೋಡಿ, “ಏನ್ ತಿಂತಿದೀರೋ ಅದನ್ನೇ ತಿನ್ನಿ ತಾಯಿ” ಎಂದಿದ್ದಾರೆ. ಕತೆ ಇಲ್ಲಿಗೇ ನಿಂತಿದ್ದರೆ ನಾನು ಆರೋಪಗಳನ್ನು ಹಿಂತೆಗೆದುಕೊಂಡು, ಬಲ್ಬನ್ನು ಒರೆಸಿ ಇಡುತ್ತಿದ್ದೆ.

ಆದರೆ ಬರುವ ಮಾಘದಲ್ಲಿ ದೊಡ್ಡಪ್ಪನ ಮಗನ ಮದುವೆ. ಮದುವೆಯ ಮರುದಿನ ಕೆಂಗೇರಿಯಲ್ಲಿ ಬೀಗರೂಟ. ಹೋದ ಭಾನುವಾರ, ಅದೇ ಬಲ್ಬಿನ ಕೆಳಗೆ, ಅಮ್ಮನ ಹಗುರ ಕೆನೆಕೋಳಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದು ಕೈತೊಳೆದ ದೊಡ್ಡಪ್ಪ ಹೀಗೆಂದರು: “ಬೀಗರೂಟಕ್ಕೆ ಮಾತ್ರ ಹಳೇ ಥರದ್ದೇ ಆಗ್ಬೇಕು. ಮಂಡ್ಯದ ಕಡೆ ಬೀಗರು. ಎಣ್ಣೇಲಿ ದೀಪ ಕಾಣ್ದಿದ್ರೆ ಮಾನ ಹೋಗತ್ತೆ. ಉಸ್ತುವಾರಿ ಜಯಮ್ಮಂದೇ. ಅವಳಿಗೆ ಒಂದ್ ಕಡೆ ಮೊಸರನ್ನ ಮಾಡ್ಸಿಡಣ.”

ಅಪ್ಪನ ತಲೆ ಆಡಲು ಸಿದ್ಧವಾಗುತ್ತಿತ್ತು. ನಾನು ಬಾಯಿ ತೆರೆದೆ. ನನಗಿಂತ ಮೊದಲು ಒಳಗಿನಿಂದ ಅಮ್ಮ ಬಂದಳು. ಬಾಗಿಲಿನ ಮರೆಯಲ್ಲಿ ನಿಲ್ಲಲಿಲ್ಲ, ನಡುಮನೆಗೇ ಬಂದಳು.

“ಮೊಸರನ್ನ ನಮ್ಮನೇಲೂ ಇದೆ ಭಾವ. ಅದನ್ನ ತಿನ್ನಕ್ಕೆ ನಾನು ಕೆಂಗೇರಿವರೆಗೂ ಬರಲ್ಲ.”

ಅಪ್ಪನ ತಲೆ ಅರ್ಧದಲ್ಲಿ ನಿಂತಿತು. ದೊಡ್ಡಪ್ಪ ಮೀಸೆ ತಿರುವಿದರು, ಚೀಲ ಮಡಿಸಿದರು, “ನೋಡಣ” ಎಂದು ಬಸ್ಸಿಗೆ ಹೊರಟರು. ‘ನೋಡಣ’ ಎಂಬ ಉತ್ತರವನ್ನು ನಮ್ಮ ದೇಶದಲ್ಲಿ ಅಧಿಕಾರದಲ್ಲಿರುವವರೆಲ್ಲ ಕೊಡುತ್ತಾರೆ. ಅದನ್ನು ಉತ್ತರವೆಂದು ಅಂಗೀಕರಿಸದಿರುವಷ್ಟು ಓದನ್ನು ನಾನು ಓದಿದ್ದೇನೆ.

ಆದುದರಿಂದ, ಮಾನ್ಯ ದೊಡ್ಡಪ್ಪನವರೇ, ತಮ್ಮಲ್ಲಿ ನನ್ನ ಸವಿನಯ ಹಾಗೂ ಸ್ಪಷ್ಟ ಕೋರಿಕೆ ಇದು. ತಮ್ಮ ಮನೆತನದ ಮಾನ ಎಣ್ಣೆಯಲ್ಲಿ ತೇಲುವುದೋ, ಅಡುಗೆ ಬೇಯಿಸುವವಳ ಜೊತೆ ಪಂಕ್ತಿಯಲ್ಲಿ ಕೂರುವುದೋ ಎಂಬುದಕ್ಕೆ ತಾವು ಉತ್ತರ ಕೊಡಬೇಕು. ಬೀಗರೂಟಕ್ಕೆ, ಮಂಡ್ಯದವರಿಗೂ ಸೇರಿ ಎಲ್ಲರಿಗೂ, ಅಮ್ಮ ಉಣ್ಣಬಹುದಾದ ಕೆನೆಕೋಳಿಯನ್ನೇ ಮಾಡಿಸಬೇಕು. ಮೊದಲ ಪಂಕ್ತಿಯಲ್ಲಿ, ಬೀಗಿತ್ತಿಯ ಪಕ್ಕದಲ್ಲಿ ಅಮ್ಮನಿಗೆ ಎಲೆ ಹಾಕಿಸಬೇಕು. ಆ ಎಲೆಗೆ ಮೊದಲ ಸೌಟನ್ನು ತಾವೇ ಬಡಿಸಬೇಕು. ಒಪ್ಪಿಗೆಯೋ ಇಲ್ಲವೋ ಎಂಬುದನ್ನು ಈ ಭಾನುವಾರದೊಳಗೆ, ಅಪ್ಪನ ಮೂಲಕವಲ್ಲದೆ ನೇರವಾಗಿ ಅಮ್ಮನಿಗೇ ತಿಳಿಸಬೇಕೆಂದು ವಿನಂತಿಸುತ್ತೇನೆ. ಅವಳು ಅಡುಗೆಗೆ ಸಿದ್ಧಳಿದ್ದಾಳೆ. ಊಟಕ್ಕೂ.